ಇಲ್ಲದ ಹುಡುಗನಿಗಾಗಿ ಕಣ್ಣೀರು

ಸಂಜೆ ಆರೂವರೆ ಗಂಟೆ ಇರಬಹುದು. ಒಲೆಯ ಮೇಲೆ ಸಾರಿನ ಬೇಳೆ ಬೇಯುತ್ತಿತ್ತು. ನಾನು ಒಗ್ಗರಣೆಗೆ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದೆ. ಹೊರಗೆ ಹಾಲಿನಲ್ಲಿ ಮಗ ಟಿ.ವಿ. ನೋಡುತ್ತಿದ್ದ. ಇದ್ದಕ್ಕಿದ್ದ ಹಾಗೆ ಟಿ.ವಿ.ಯ ಸದ್ದು ನಿಂತುಹೋಯಿತು. ಕರೆಂಟು ಹೋಯಿತೇನೋ ಎಂದು ತಲೆಯೆತ್ತಿದರೆ ಅಡಿಗೆಮನೆಯ ದೀಪ ಉರಿಯುತ್ತಲೇ ಇದೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿಸಿದ್ದು ಬಿಕ್ಕಿ ಬಿಕ್ಕಿ ಅಳುವ ಸದ್ದು!

ಬೆಳ್ಳುಳ್ಳಿ ಅಲ್ಲೇ ಬಿಟ್ಟು ಓಡಿದೆ. ಬಿದ್ದನೋ, ಏನಾದರೂ ಕಚ್ಚಿತೋ ಎಂದು ಎದೆ ಡವಡವ. ನೋಡಿದರೆ ಹುಡುಗ ಚಾಪೆಯ ಮೇಲೆ ಮಂಡಿಗೆ ಮುಖ ಒತ್ತಿಕೊಂಡು ಅಳುತ್ತಿದ್ದಾನೆ. ಟಿ.ವಿ.ಯಲ್ಲಿ ನೆಲದ ಮೇಲೆ ಬಿದ್ದ ಒಂದು ಒಡೆದ ಬಿಲ್ಲೆ. ಅದರ ಮೇಲೆ ಒಂದೊಂದೇ ಹೆಸರು ಹಾದುಹೋಗುತ್ತಿವೆ. ಹಾಡಿಲ್ಲ, ವಾದ್ಯವಿಲ್ಲ.

"ಏನಾಯ್ತೋ?" ಅಂದೆ.

"ಆಡ್ರಿಕ್ ಸತ್ತುಹೋದ," ಅಂದ.

ಅಷ್ಟರಲ್ಲಿ ನಮ್ಮವರು ಆಫೀಸಿನಿಂದ ಬಂದರು. ವಿಷಯ ತಿಳಿದು, "ಏಳನೇ ಕ್ಲಾಸಿಗೆ ಬಂದಿದ್ದೀಯ, ಕಟ್ಟುಕಥೆ ನೋಡಿ ಅಳ್ತಾರೇನೋ? ಗಂಡು ಹುಡುಗ!" ಎಂದು ಗದರಿದರು. ಸುಳ್ಳು ಹೇಳುವುದೇಕೆ ಸೋದರಿಯರೇ, ನನಗೂ ಮೊದಲು ನಗುವೇ ಬಂತು. ಆದರೆ ಮರುಕ್ಷಣವೇ ನಗು ಬಾಯಲ್ಲೇ ಉಳಿಯಿತು. ಏಕೆಂದರೆ ನನ್ನ ಈ ಮಗ ಅಳುವ ಹುಡುಗನಲ್ಲ. ಅಳಲೇಬೇಕಾದ ಹೊತ್ತಿನಲ್ಲೂ ಅಳದವನು. ಆ ಮಾತನ್ನು ಮುಂದೆ ಹೇಳುತ್ತೇನೆ. ಮೊದಲು ಈ ಆಡ್ರಿಕ್ ಯಾರೆಂದು ನಿಮಗೆ ತಿಳಿಯಬೇಕಲ್ಲ.

ಸೂಜಿ ಚುಚ್ಚದ ಡಾಕ್ಟರು

ನನ್ನ ತಮ್ಮ ಇಂಗ್ಲೆಂಡಿನಲ್ಲಿದ್ದಾನೆ. ಕಳೆದ ಬಾರಿ ಊರಿಗೆ ಬಂದಾಗ ಎಲ್ಲರಿಗೂ ಚಾಕೊಲೇಟು, ನನಗೊಂದು ಸ್ವೆಟರ್ ತಂದ. ಸೋದರಳಿಯನಿಗೆ ಮಾತ್ರ ಒಂದು ಡಿ.ವಿ.ಡಿ. 'ಡಾಕ್ಟರ್ ಹೂ' ಎಂಬ ಟಿ.ವಿ. ಸರಣಿಯ ಒಂದು ಹಳೆಯ ಕಥೆ. ಅಲ್ಲಿ ಮೂರು ತಲೆಮಾರಿನವರು ಒಟ್ಟಿಗೆ ಕುಳಿತು ನೋಡಿದ ಸರಣಿ ಇದಂತೆ.

ಬಿ.ಬಿ.ಸಿ.ಯಲ್ಲಿ 1963ರ ನವೆಂಬರ್ 23ರಂದು ಇದು ಶುರುವಾಯಿತು. ಈ ಡಾಕ್ಟರು ಔಷಧಿ ಕೊಡುವ ಡಾಕ್ಟರಲ್ಲ. ಬೇರೆ ಲೋಕದವನು, ಎದೆಯಲ್ಲಿ ಎರಡು ಹೃದಯ. ಹಿಂದೆ ಇಂಗ್ಲೆಂಡಿನ ಬೀದಿಗಳಲ್ಲಿ ಪೊಲೀಸರನ್ನು ಕರೆಯಲು ಫೋನಿಟ್ಟ ನೀಲಿ ಪೆಟ್ಟಿಗೆಗಳಿದ್ದವು. ಅಂಥದೊಂದು ಪೆಟ್ಟಿಗೆಯೇ ಅವನ ವಾಹನ. ಹೊರಗೆ ನೋಡಿದರೆ ನಮ್ಮ ಬೀಡಾ ಅಂಗಡಿಯಷ್ಟು, ಒಳಗೆ ಹೊಕ್ಕರೆ ಅರಮನೆಯಷ್ಟು. ಅದರ ಹೆಸರು ಟಾರ್ಡಿಸ್. ಅದರಲ್ಲಿ ಕುಳಿತು ಯಾವ ಲೋಕಕ್ಕೆ ಬೇಕಾದರೂ ಹೋಗಬಹುದು. ಹಿಂದಿನ ಕಾಲಕ್ಕೂ ಹೋಗಬಹುದು, ಮುಂದಿನ ಕಾಲಕ್ಕೂ ಹೋಗಬಹುದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಡಾಕ್ಟರಿಗೆ ಸಾವು ಬಂದರೆ ಹಳೆಯ ದೇಹ ಬಿಟ್ಟು ಹೊಸ ದೇಹ ತಾಳುತ್ತಾನೆ. 1966ರಲ್ಲಿ ಮೊದಲ ಸಲ ನಟ ಬದಲಾದಾಗ ಮಾಡಿಕೊಂಡ ಉಪಾಯ ಇದು. ಅದರಿಂದಲೇ ಇಷ್ಟು ವರ್ಷ ಕಥೆ ಬೆಳೆಯಿತು. ಆದ್ದರಿಂದ ಡಾಕ್ಟರು ಸಾಯುವನೆಂಬ ಭಯ ನೋಡುವ ಮಕ್ಕಳಿಗಿಲ್ಲ.

ಅವನ ಜೊತೆ ಯಾವಾಗಲೂ ಒಬ್ಬಿಬ್ಬರು ಜೊತೆಗಾರರಿರುತ್ತಾರೆ. ನೋಡುವವರಿಗೆ ಅವರೇ ಹತ್ತಿರ. ನಾವು ಕೇಳಬೇಕೆಂದಿರುವ ಪ್ರಶ್ನೆಯನ್ನು ಅವರು ಕೇಳುತ್ತಾರೆ, ನಾವು ಹೆದರುವ ಕಡೆ ಅವರೂ ಹೆದರುತ್ತಾರೆ. ಸ್ವಲ್ಪ ಕಾಲವಿದ್ದು ಹೊರಟುಹೋಗುತ್ತಾರೆ. ಮೊಟ್ಟಮೊದಲು ಹೋದವಳು ಡಾಕ್ಟರನ ಸ್ವಂತ ಮೊಮ್ಮಗಳು ಸೂಸನ್. 1964ರಲ್ಲಿ ಅವಳು ಮೆಚ್ಚಿದ ಹುಡುಗನ ಜೊತೆ ಬಾಳಲೆಂದು ತಾತನೇ ಅವಳನ್ನು ಬಿಟ್ಟು ಹೋದ. ಹೆಣ್ಣು ಒಪ್ಪಿಸಿಕೊಟ್ಟ ಹಾಗೆಯೇ. ಕೆಲವರು ತಮ್ಮ ಮನೆಗೆ ಹಿಂದಿರುಗಿದರು, ಕೆಲವರು ಯಾವುದೋ ಲೋಕದಲ್ಲಿ ಉಳಿದರು. ಅಂತೂ ಎಲ್ಲಿಯೋ ಸುಖವಾಗಿದ್ದಾರೆ ಎಂಬ ಸಮಾಧಾನ.

ಸತ್ತವರು ಇರಲೇ ಇಲ್ಲವೆಂದಲ್ಲ. 1965ರ ಕೊನೆಯಿಂದ 1966ರ ಮೊದಲವರೆಗೆ ನಡೆದ ಒಂದು ಉದ್ದನೆಯ ಕಥೆಯಲ್ಲಿ ಕತರೀನಾ ಮತ್ತು ಸಾರಾ ಎಂಬ ಇಬ್ಬರು ಸತ್ತರು. ಆದರೆ ಆ ಇಬ್ಬರೂ ಬಂದು ಕೆಲವೇ ವಾರವಾಗಿತ್ತು. ಅಲ್ಲಿಂದ ಮುಂದೆ ಹದಿನಾರು ವರ್ಷ ಯಾವ ಜೊತೆಗಾರನೂ ಸಾಯಲಿಲ್ಲ. 1982ರಲ್ಲಿ ಟಿ.ವಿ. ಮುಂದೆ ಕುಳಿತ ಯಾವ ಚಿಕ್ಕ ಮಗುವೂ ಅಂಥದೊಂದನ್ನು ಕಂಡಿರಲಿಲ್ಲ.

ಯಾರಿಗೂ ಅಷ್ಟಾಗಿ ಬೇಡವಾದವನು

ಆಡ್ರಿಕ್ ಸರಣಿಗೆ ಬಂದದ್ದು 1980ರಲ್ಲಿ. ಆಲ್ಜೇರಿಯಸ್ ಎಂಬ ಕಲ್ಪನೆಯ ಲೋಕದ ಅನಾಥ ಹುಡುಗ. ಒಡಹುಟ್ಟಿದ ಅಣ್ಣನೊಬ್ಬನಿದ್ದ, ಅವನೂ ಮೊದಲ ಕಥೆಯಲ್ಲೇ ತೀರಿಹೋದ. ಅಣ್ಣನ ಸೊಂಟದ ಪಟ್ಟಿಯೊಂದು ಇವನ ಬಳಿ ಉಳಿಯಿತು. ಲೆಕ್ಕದಲ್ಲಿ ಮಹಾ ಜಾಣ. ಗಣಿತದ ಜಾಣ್ಮೆಗೆ ಸಿಕ್ಕಿದ, ಚಿನ್ನದ ಅಂಚಿನ ಬಿಲ್ಲೆಯೊಂದನ್ನು ಯಾವಾಗಲೂ ಎದೆಗೆ ಸಿಕ್ಕಿಸಿಕೊಂಡಿರುತ್ತಿದ್ದ.

ಆ ಪಾತ್ರ ಮಾಡಿದವರು ಮ್ಯಾಥ್ಯೂ ವಾಟರ್‌ಹೌಸ್. ಪಾತ್ರ ಸಿಕ್ಕಾಗ ಅವರಿಗೆ ಹದಿನೆಂಟು. ಅವರೂ ಚಿಕ್ಕಂದಿನಿಂದ ಈ ಸರಣಿಯ ಅಭಿಮಾನಿಯೇ. ಅದರ ಪತ್ರಿಕೆಗೆ ಕಾಗದ ಬರೆಯುತ್ತಿದ್ದವರು. ಅಭಿಮಾನಿಯೇ ಡಾಕ್ಟರನ ಜೊತೆಗಾರನಾದ ಮೇಲೆ ಎಲ್ಲರೂ ಮೆಚ್ಚಬೇಕಿತ್ತಲ್ಲವೇ? ಹಾಗಾಗಲಿಲ್ಲ. ಬಹಳ ಜನಕ್ಕೆ ಆಡ್ರಿಕ್ ಹಿಡಿಸಲಿಲ್ಲ. ಎಲ್ಲ ತನಗೇ ಗೊತ್ತೆನ್ನುತ್ತಾನೆ, ಸುಮ್ಮಸುಮ್ಮನೆ ಮುನಿಸಿಕೊಳ್ಳುತ್ತಾನೆ, ಜೊತೆಯ ಹುಡುಗಿಯರಾದ ಟೀಗನ್, ನಿಸ್ಸಾ ಅವರೊಡನೆ ಜಗಳ ಕಾಯುತ್ತಾನೆ ಎಂದು ದೊಡ್ಡ ವಯಸ್ಸಿನ ಅಭಿಮಾನಿಗಳು ಮೂಗು ಮುರಿದರು. ಒಂದು ಕಥೆಯಲ್ಲಿ ಎಲ್ಲರೂ ಔತಣಕ್ಕೆ ಹೋಗುತ್ತಾರೆ. ಉಳಿದವರು ಕುಣಿಯುತ್ತಿದ್ದರೆ ಇವನು ತಟ್ಟೆ ತುಂಬ ತಿಂಡಿ ಪೇರಿಸಿಕೊಂಡು ತಿನ್ನುತ್ತಾನೆ! ನನಗಂತೂ ಅದನ್ನು ಕೇಳಿ ಅವನ ಮೇಲೆ ಅಕ್ಕರೆಯೇ ಬಂತು. ಬೆಳೆಯುವ ಹುಡುಗ, ತಾಯಿಯಿಲ್ಲ, ತಿನ್ನಲಿ ಬಿಡಿ.

ನಮ್ಮ ಮನೆಗಳಲ್ಲೂ ಇಂಥವರೊಬ್ಬರು ಇರುತ್ತಾರೆ, ಅಲ್ಲವೇ? ಎದುರು ಮಾತಾಡುವ ಮೈದುನ, ತಪ್ಪು ಹುಡುಕುವ ನಾದಿನಿಯ ಮಗ. ಇದ್ದಷ್ಟು ದಿನ 'ಇವನೊಬ್ಬ' ಎನ್ನುತ್ತೇವೆ.

ಆ ಮಂಗಳವಾರ

ಮಗ ಅತ್ತ ಮರುವಾರ, ಭಾನುವಾರ ಮಧ್ಯಾಹ್ನ, ಪಾತ್ರೆ ತೊಳೆದಿಟ್ಟು ನಾನೂ ಅವನ ಪಕ್ಕ ಕುಳಿತು ಆ ಡಿ.ವಿ.ಡಿ. ಪೂರ್ತಿ ನೋಡಿದೆ. ನನ್ನದು ಎಸ್.ಎಸ್.ಎಲ್.ಸಿ. ಇಂಗ್ಲಿಷು; ಅರ್ಥವಾಗದ ಕಡೆ ಅವನೇ ಹೇಳಿಕೊಟ್ಟ. ಕಥೆಯ ಹೆಸರು 'ಅರ್ಥ್‌ಶಾಕ್'. ಬರೆದವರು ಎರಿಕ್ ಸಾವರ್ಡ್. 1982ರ ಮಾರ್ಚ್ 8ರಿಂದ 16ರವರೆಗೆ ಸೋಮವಾರ, ಮಂಗಳವಾರಗಳಂದು ನಾಲ್ಕು ಕಂತುಗಳಲ್ಲಿ ಬಂದದ್ದು. ಡಾಕ್ಟರಾಗಿ ಪೀಟರ್ ಡೇವಿಸನ್.

ಕಥೆ ಶುರುವಾಗುವುದೇ ಮನಸ್ತಾಪದಿಂದ. ಆಡ್ರಿಕ್‌ಗೆ ಮುನಿಸು. ತನ್ನನ್ನು ಎಲ್ಲರೂ ಗೇಲಿ ಮಾಡುತ್ತಾರೆ, ಡಾಕ್ಟರು ಹುಡುಗಿಯರಿಗೆ ಕೊಡುವಷ್ಟು ಗಮನ ತನಗೆ ಕೊಡುವುದಿಲ್ಲ, ತನ್ನನ್ನು ಊರಿಗೆ ಕಳಿಸಿಬಿಡಿ ಎನ್ನುತ್ತಾನೆ. ಡಾಕ್ಟರಿಗೂ ಸಿಟ್ಟು. ಆಮೇಲೆ ಇಬ್ಬರೂ ರಾಜಿಯಾಗುತ್ತಾರೆ, ಊರಿಗೆ ಹೋಗುವ ಯೋಚನೆಯನ್ನು ಹುಡುಗ ಬಿಡುತ್ತಾನೆ. ಅಂದು ಹೋಗಿಬಿಟ್ಟಿದ್ದರೆ ಬದುಕುತ್ತಿದ್ದ.

ಸೈಬರ್‌ಮನ್ ಎಂಬ ಲೋಹದ ಮೈಯವರು ಖಳರು. ಮೊದಲು ಮನುಷ್ಯರಂತೆಯೇ ಇದ್ದು, ಮೈಯೊಂದಿಗೆ ಮನಸ್ಸನ್ನೂ ಕಿತ್ತೆಸೆದವರು. ಅವರಿಗೆ ಪ್ರೀತಿಯಿಲ್ಲ, ದುಃಖವಿಲ್ಲ. ಭೂಮಿಯ ಮೇಲೆ ಒಂದು ದೊಡ್ಡ ಸರಕಿನ ಹಡಗನ್ನು, ಆಕಾಶದಲ್ಲಿ ಹೋಗುವ ಹಡಗು ಅದು, ಅಪ್ಪಳಿಸಿ ಎಲ್ಲರನ್ನೂ ನಾಶ ಮಾಡುವುದು ಅವರ ಹಂಚಿಕೆ. ಹಡಗಿನ ಯಂತ್ರಕ್ಕೆ ಮೂರು ಬೀಗದಂತೆ ಮೂರು ಲೆಕ್ಕದ ಗಂಟು. ಅದನ್ನು ಬಿಡಿಸಬಲ್ಲವನು ಆಡ್ರಿಕ್ ಒಬ್ಬನೇ.

ಎರಡು ಗಂಟು ಬಿಡಿಸುವಷ್ಟರಲ್ಲಿ ಹಡಗು ಕಾಲದಲ್ಲಿ ಹಿಂದಕ್ಕೆ ಜಾರುತ್ತದೆ. ಕಥೆಯ ಪ್ರಕಾರ ಆರೂವರೆ ಕೋಟಿ ವರ್ಷ ಹಿಂದಕ್ಕೆ. ಉಳಿದವರೆಲ್ಲ ಒಂದು ಚಿಕ್ಕ ನೌಕೆಯಲ್ಲಿ ಪಾರಾಗುತ್ತಾರೆ. ಆಡ್ರಿಕ್‌ನೂ ಅದರ ಬಾಗಿಲಲ್ಲಿ ನಿಂತಿದ್ದ. ಕೊನೆಯ ಗಳಿಗೆಯಲ್ಲಿ ಹೊರಗೆ ಹಾರಿ ಹಿಂದಕ್ಕೆ ಓಡುತ್ತಾನೆ. ಮೂರನೆಯ ಗಂಟೊಂದು ಉಳಿದಿದೆಯಲ್ಲ! ಇನ್ನೇನು ಬಿಡಿಸಿದ ಎನ್ನುವಾಗ ಅರೆಜೀವವಾಗಿದ್ದ ಒಬ್ಬ ಸೈಬರ್‌ಮನ್ ಆ ಯಂತ್ರಕ್ಕೇ ಗುಂಡು ಹಾರಿಸುತ್ತಾನೆ. ಎಲ್ಲ ಮುಗಿಯಿತು. ಹುಡುಗ ಅಣ್ಣನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಲ್ಲುತ್ತಾನೆ. ತನ್ನ ಲೆಕ್ಕ ಸರಿಯಿತ್ತೋ ಇಲ್ಲವೋ ಇನ್ನು ತಿಳಿಯುವುದಿಲ್ಲವಲ್ಲ ಎಂಬುದೊಂದೇ ಅವನ ಕೊನೆಯ ಮಾತು.

ಆ ಹೊಡೆತದಿಂದಲೇ ಡೈನೋಸಾರ್‌ಗಳು ನಾಶವಾದವು, ಆಮೇಲೆ ಮನುಷ್ಯ ಹುಟ್ಟಿದ ಎಂದು ಕಥೆ ಹೇಳುತ್ತದೆ. ಆಕಾಶದಿಂದ ಬಿದ್ದ ದೊಡ್ಡ ಬಂಡೆಯಿಂದ ಆ ಪ್ರಾಣಿಗಳು ಅಳಿದವೆಂದು ಆಲ್ವಾರೆಜ್ ತಂದೆ-ಮಗ ಮತ್ತು ಜೊತೆಯ ವಿಜ್ಞಾನಿಗಳು 1980ರಲ್ಲಷ್ಟೇ ಹೇಳಿದ್ದರು. ಕಥೆಗಾರರು ಬಂಡೆಯ ಜಾಗಕ್ಕೆ ಹಡಗನ್ನು ತಂದರು. ಅಂದರೆ ಭೂಮಿ ಉಳಿದೇ ಉಳಿಯುತ್ತಿತ್ತು. ಆ ಸಂಗತಿ ಡಾಕ್ಟರಿಗೆ ತಿಳಿಯಿತು, ನೋಡುವವರಿಗೆ ತಿಳಿಯಿತು. ಹಡಗಿನಲ್ಲಿ ನಿಂತ ಹುಡುಗನಿಗೆ ಮಾತ್ರ ತಿಳಿಯಲಿಲ್ಲ.

ಟಾರ್ಡಿಸ್‌ನಲ್ಲಿ ಡಾಕ್ಟರು, ಟೀಗನ್, ನಿಸ್ಸಾ ಪರದೆಯ ಮೇಲೆ ನೋಡುತ್ತ ನಿಂತಿರುತ್ತಾರೆ. ಕೈಗೆ ಎಟುಕುವುದಿಲ್ಲ. ಸೈಬರ್‌ಮನ್‌ಗಳಿಗೆ ಚಿನ್ನ ವಿಷ. ಆಡ್ರಿಕ್‌ನ ಬಿಲ್ಲೆಯನ್ನೇ ಶತ್ರುವಿನ ಎದೆಗೆ ಉಜ್ಜಿ ಡಾಕ್ಟರು ಅವನನ್ನು ಕೊಂದಿದ್ದ. ಆ ಒಡೆದ ಬಿಲ್ಲೆಯೇ ನೆಲದ ಮೇಲೆ ಬಿದ್ದದ್ದು. ಪ್ರತಿ ಕಂತಿನ ಕೊನೆಗೂ ಮೊಳಗುತ್ತಿದ್ದ ಆ ಪ್ರಸಿದ್ಧ ಸಂಗೀತ ಅಂದು ಬರಲಿಲ್ಲ.

ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ನಿಂತುಹೋದ ಸದ್ದು ಅದೇ.

ಒಡನೆ ಅತ್ತವರು, ನಿಧಾನವಾಗಿ ಅತ್ತವರು

ಈ ಕಂತನ್ನು ಅಂದು ನೋಡಿದವರು 90 ಲಕ್ಷಕ್ಕೂ ಹೆಚ್ಚು ಮಂದಿ. ತಮ್ಮನ ಆಫೀಸಿನಲ್ಲಿ ಐವತ್ತು ದಾಟಿದ ಒಬ್ಬರಿದ್ದಾರಂತೆ. ಆಗ ಅವರಿಗೆ ಏಳೆಂಟು ವರ್ಷ. ಟಿ.ವಿ. ಕೆಟ್ಟಿತೆಂದು ಅವರ ತಂದೆ ಎದ್ದು ಸದ್ದಿನ ಗುಂಡಿ ತಿರುಗಿಸಿದರಂತೆ. ಕೆಟ್ಟಿಲ್ಲವೆಂದು ತಿಳಿದ ಮೇಲೆ ಮನೆಯಲ್ಲಿ ಯಾರೂ ಮಾತಾಡಲಿಲ್ಲವಂತೆ. ರಾತ್ರಿ ಹಾಸಿಗೆಯಲ್ಲಿ ಅಳು ಬಂತಂತೆ. "ನಲವತ್ತು ವರ್ಷ ಆದ್ಮೇಲೂ ಅದನ್ನ ಹೇಳುವಾಗ ಅವರ ದನಿ ಬೇರೆ ಆಗತ್ತೆ ಅಕ್ಕ," ಅಂದ ತಮ್ಮ.

ಎಲ್ಲರೂ ಅಳಲಿಲ್ಲ. ಆಡ್ರಿಕ್‌ನನ್ನು ಮೊದಲೇ ಕಂಡರಾಗದವರು ಪೀಡೆ ತೊಲಗಿತೆಂದು ತಮಾಷೆ ಮಾಡಿದರು. ಆ ತಮಾಷೆ ಇಂದಿಗೂ ನಡೆದಿದೆ. ಆದರೆ ಆ ಕೊನೆಯ ಮೌನ ತಮ್ಮನ್ನೂ ಹಿಡಿದು ನಿಲ್ಲಿಸಿತೆಂದು ಒಪ್ಪಿಕೊಂಡವರು ಅವರಲ್ಲೂ ಇದ್ದಾರೆ. ಬದುಕಿದ್ದಾಗ ಒಂದು ಒಳ್ಳೆಯ ಮಾತು ಆಡದೆ, ಹೋದ ಮೇಲೆ ಒಳಗೇ ಕೊರಗುವುದು ಟಿ.ವಿ.ಯ ಪಾತ್ರಕ್ಕೆ ಮಾತ್ರ ಆಗುವುದೇನು?

ಇನ್ನೊಂದು ದೂರು ನಮ್ಮಂಥವರಿಗೆ ಚೆನ್ನಾಗಿ ಅರ್ಥವಾಗುವಂಥದು. ಮುಂದಿನ ಕಥೆ ಮಾರ್ಚ್ 22ಕ್ಕೇ ಶುರುವಾಯಿತು. ಅದರ ಮೊದಲಲ್ಲಿ ಮೂವರೂ ಸ್ವಲ್ಪ ಹೊತ್ತು ದುಃಖಪಡುತ್ತಾರೆ. ಆಮೇಲೆ ಡಾಕ್ಟರು ಮನಸ್ಸಿಗೆ ಹಿತವಾಗಲೆಂದು 1851ರ ಲಂಡನ್ನಿನ ದೊಡ್ಡ ವಸ್ತುಪ್ರದರ್ಶನಕ್ಕೆ ಹೋಗೋಣ ಎನ್ನುತ್ತಾನೆ! ಇಷ್ಟು ಬೇಗ ಮರೆತರೇ ಎಂದು ಅನೇಕ ಅಭಿಮಾನಿಗಳು ನೊಂದುಕೊಂಡರು. ನಮ್ಮಲ್ಲಿ ಹತ್ತು ದಿನ ಸೂತಕ, ಹದಿಮೂರನೆಯ ದಿನ ವೈಕುಂಠ ಸಮಾರಾಧನೆ, ಆಮೇಲೆ ಮಾಸಿಕ, ವರ್ಷಾಂತಿಕ ಎಂದು ಇಟ್ಟಿದ್ದಾರಲ್ಲ, ಹಿರಿಯರು ಸುಮ್ಮನೆ ಇಟ್ಟದ್ದಲ್ಲ. ದುಃಖಕ್ಕೂ ಒಂದು ಜಾಗ ಬೇಕು, ಒಂದಷ್ಟು ದಿನ ಬೇಕು.

"ಹಿಂದಕ್ಕೆ ಹೋಗಬಹುದಿತ್ತಲ್ಲ?"

ಆ ಭಾನುವಾರ ರಾತ್ರಿ ಮಗ ನನ್ನ ಪಕ್ಕ ಬಂದು ಮಲಗಿದ. ತುಂಬ ಹೊತ್ತು ಸುಮ್ಮನಿದ್ದು, "ಅಮ್ಮಾ, ಡಾಕ್ಟರ್ ಹತ್ರ ಹಿಂದಕ್ಕೆ ಹೋಗೋ ಗಾಡಿ ಇದೆ. ಒಂದು ಗಂಟೆ ಹಿಂದಕ್ಕೆ ಹೋಗಿ ಆಡ್ರಿಕ್‌ನ ಕರ್ಕೊಂಡು ಬರಬಹುದಿತ್ತಲ್ಲ?" ಅಂದ.

ನನಗೇನು ಗೊತ್ತು! ಮರುದಿನ ತಮ್ಮನಿಗೆ ಫೋನ್ ಮಾಡಿದಾಗ ಕೇಳಿದೆ. ಅವನು ನಕ್ಕ. ಮುಂದಿನ ಕಥೆಯಲ್ಲಿ ಟೀಗನ್, ನಿಸ್ಸಾ ಕೇಳುವುದೂ ಇದನ್ನೇ ಅಂತೆ. ಡಾಕ್ಟರು ಒಪ್ಪುವುದಿಲ್ಲ. ಕಾಲದ ಗಾಡಿ ಇದ್ದ ಮಾತ್ರಕ್ಕೆ ಮುರಿಯಲಾಗದ ಕಟ್ಟಳೆಗಳಿವೆ, ಇನ್ನೆಂದೂ ಅದನ್ನು ಕೇಳಬೇಡಿ ಎಂದು ಗದರುತ್ತಾನೆ.

ಸಂಜೆ ಮಗನಿಗೆ ಅದನ್ನೇ ಹೇಳಿದೆ. ಅವನು, "ಹಾಗಾದ್ರೆ ಗಾಡಿ ಇದ್ದಿದ್ರೂ ಅಜ್ಜನ್ನ..." ಎಂದು ಅರ್ಧಕ್ಕೇ ನಿಲ್ಲಿಸಿದ.

ಆಗ ನನಗೆ ಹೊಳೆಯಿತು, ಸೋದರಿಯರೇ.

ಏಳು ತಿಂಗಳ ಹಿಂದೆ ನಮ್ಮ ಮಾವನವರು ತೀರಿಕೊಂಡರು. ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಮಗನಿಗೂ ಅಜ್ಜನಿಗೂ ಬಲು ಸ್ನೇಹ. ದಿನಾ ಸಂಜೆ ಜಗಲಿಯ ಮೇಲೆ ಕೂರಿಸಿಕೊಂಡು ಕಾಲು, ಅರೆ, ಮುಕ್ಕಾಲು ಮಗ್ಗಿ ಹೇಳಿಸುತ್ತಿದ್ದರು. ಬಾಯಿಲೆಕ್ಕ ಕೊಡುತ್ತಿದ್ದರು. ಅಂಥ ಅಜ್ಜ ಹೋದಾಗ ಈ ಹುಡುಗನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಕಂಬ ಹಿಡಿದು ನಿಂತೇ ಇದ್ದ. ಬಂದವರು, "ಕಲ್ಲು ಮನಸ್ಸಿನ ಮಗು" ಎಂದು ನನ್ನ ಕಿವಿಗೆ ಬೀಳುವ ಹಾಗೆಯೇ ಆಡಿಕೊಂಡರು. ಎಷ್ಟು ನೊಂದೆನೆಂದರೆ, ನಾನೇ ಒಂದು ದಿನ ಅವನನ್ನು, "ನಿನಗೆ ಅಜ್ಜನ ಮೇಲೆ ಪ್ರೀತಿ ಇರಲಿಲ್ಲವೇನೋ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

ಆ ಸಂಜೆ ಅವನೇ ಬಾಯಿಬಿಟ್ಟ. "ಹಿಂದಿನ ದಿನ ಅಜ್ಜ ಒಂದು ಲೆಕ್ಕ ಕೊಟ್ಟಿದ್ರು. ನಾನು ಕ್ರಿಕೆಟ್ಟಿಗೆ ಹೋಗೋ ಅವಸರದಲ್ಲಿ ನಾಳೆ ಹೇಳ್ತೀನಿ ಅಂದೆ. ರಾತ್ರಿ ಮಾಡಿಟ್ಟಿದ್ದೆ ಅಮ್ಮ. ಸರಿಯೋ ತಪ್ಪೋ ಅಂತ ಕೇಳೋಕೇ ಆಗ್ಲಿಲ್ಲ."

ಲೆಕ್ಕ ಸರಿಯೋ ತಪ್ಪೋ ಗೊತ್ತಾಗದೆ ನಿಂತ ಹುಡುಗ! ಇಂಗ್ಲೆಂಡಿನಲ್ಲಿ ಯಾರೋ ಬರೆದ ಕಥೆಯಲ್ಲಿ ನನ್ನ ಮಗ ತನ್ನನ್ನೇ ಕಂಡಿದ್ದ. ಏಳು ತಿಂಗಳಿಂದ ಒಳಗೇ ಕಟ್ಟಿಕೊಂಡಿದ್ದ ಅಳು, ಆ ಒಡೆದ ಬಿಲ್ಲೆಯನ್ನು ನೋಡಿ ಕಟ್ಟೆಯೊಡೆದಿತ್ತು. ಆಡ್ರಿಕ್‌ಗೂ ಅತ್ತ, ಅಜ್ಜನಿಗೂ ಅತ್ತ. ಅದರಲ್ಲಿ ಇದೆಷ್ಟು ಅದೆಷ್ಟು ಎಂದು ಅಳೆಯುವವರು ಯಾರು?

ಕಾರ್ಡಿಫ್‌ನ ಗೋಡೆ

ಕಥೆಯವರಿಗಾಗಿ ಅಳುವುದು ಹೊಸದೇನಲ್ಲ. 1893ರಲ್ಲಿ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಕಾನನ್ ಡಾಯ್ಲ್ ಕಥೆಯಲ್ಲಿ ಕೊಂದಾಗ ಓದುಗರು ಸಿಟ್ಟಿನಿಂದ ಕಾಗದ ಬರೆದರು. ಕೆಲವು ವರ್ಷಗಳ ಮೇಲೆ ಅವನನ್ನು ಮತ್ತೆ ಬದುಕಿಸಬೇಕಾಯಿತು. ನಮ್ಮಲ್ಲಿ ಹರಿಕಥೆಯಲ್ಲಿ ಅಭಿಮನ್ಯು ಚಕ್ರವ್ಯೂಹ ಹೊಕ್ಕನೆಂದರೆ ಸೆರಗು ಕಣ್ಣಿಗೆ ಹೋಗದ ಹೆಂಗಸುಂಟೇ? ಮುಂದೇನಾಗುವುದೆಂದು ಎಲ್ಲರಿಗೂ ಗೊತ್ತು. ಆದರೂ ಅಳುತ್ತೇವೆ. ಒಳಗೆ ಹೋಗಲು ಗೊತ್ತು, ಹೊರಗೆ ಬರಲು ಗೊತ್ತಿಲ್ಲ, ಆಡ್ರಿಕ್‌ನೂ ಅಂಥವನೇ.

ತಮ್ಮ ನನಗೊಂದು ಫೋಟೋ ಕಳಿಸಿದ. ವೇಲ್ಸ್ ನಾಡಿನ ಕಾರ್ಡಿಫ್ ಊರಿನಲ್ಲಿ, ನೀರಿನ ದಂಡೆಯ ಮರ್ಮೇಡ್ ಕೀ ಎಂಬಲ್ಲಿ, ಒಂದು ಗೋಡೆಯ ತುಂಬ ಹೂವು, ಚೀಟಿ, ಚಿತ್ರಗಳು. 'ಡಾಕ್ಟರ್ ಹೂ'ದಿಂದ ಟಿಸಿಲೊಡೆದ 'ಟಾರ್ಚ್‌ವುಡ್' ಎಂಬ ಸರಣಿಯಲ್ಲಿ ಇಯಾಂಟೋ ಜೋನ್ಸ್ ಎಂಬ ತರುಣನಿದ್ದ. ಎಲ್ಲರಿಗೂ ಕಾಫಿ ಮಾಡಿಕೊಡುತ್ತ, ತಾನು ಹಿಂದೆ ನಿಲ್ಲುತ್ತಿದ್ದವನು. 2009ರ ಜುಲೈಯಲ್ಲಿ ಮಕ್ಕಳನ್ನು ಉಳಿಸಲು ಹೋಗಿ, ತಾನು ಪ್ರೀತಿಸಿದವನ ತೋಳಿನಲ್ಲೇ ಸತ್ತ. ಕಥೆಯಲ್ಲಿ ಅವರ ಗುಪ್ತ ಕಚೇರಿಯ ಬಾಗಿಲೆಂದು ತೋರಿಸಿದ್ದ ಜಾಗಕ್ಕೆ ಜನ ಹೂವು ತಂದಿಟ್ಟರು. ಇಟ್ಟವರು ನಿಲ್ಲಿಸಲಿಲ್ಲ. ಜಾಗದವರು ತೆಗೆಸಿಹಾಕುವ ಬದಲು ಅವನ ಹೆಸರಿನ ಫಲಕವನ್ನೇ ಹಾಕಿಸಿದರು. ಹುಟ್ಟಿರದವನಿಗೆ ಒಂದು ಸಮಾಧಿ!

ಅಭಿಮಾನಿಗಳು ಬಿ.ಬಿ.ಸಿ.ಗೆ ಕಾಫಿಪುಡಿಯ ಪೊಟ್ಟಣ ಕಳಿಸಿ ಅವನನ್ನು ಬದುಕಿಸಿ ಎಂದು ಬೇಡಿದರು. ಅವನ ಹೆಸರಿನಲ್ಲಿ ಕಷ್ಟದಲ್ಲಿರುವ ಮಕ್ಕಳ ನಿಧಿಗೆ ಹಣ ಕೂಡಿಸಿದರು. ಕೆಲವರು ಮಾತ್ರ ಕಥೆ ಬರೆದವರಿಗೆ ಬಾಯಿಗೆ ಬಂದಂತೆ ಬೈದು ಬರೆದರು. ನನಗೆ ಇದು ನೋಡಿ ತಿಳಿದದ್ದು ಇಷ್ಟು. ದುಃಖ ಬಂದಾಗ ಹೂವು ಇಡಬಹುದು, ಒಂದು ಮಗುವಿಗೆ ಹಾಲಿಗಾಗುವಷ್ಟು ದುಡ್ಡು ಕೊಡಬಹುದು. ಇನ್ನೊಬ್ಬರ ಮನೆಯವರನ್ನು ಅಳಿಸಬಾರದು.

ಮಕ್ಕಳು ಅತ್ತಾಗ

ನಮ್ಮ ಮಕ್ಕಳು ಈಗ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಏನೇನೋ ನೋಡುತ್ತಾರೆ. ನಾಳೆ ನಿಮ್ಮ ಮಗುವೂ ಯಾವುದೋ ಕಥೆಯ ನಾಯಿಗೋ, ರಾಜಕುಮಾರನಿಗೋ ಅತ್ತೀತು. ನಾನು ತಪ್ಪು ಮಾಡಿ ಕಲಿತದ್ದನ್ನು ಹೇಳುತ್ತೇನೆ.

ಮೊದಲಿಗೆ, ನಗಬೇಡಿ. 'ಅದೆಲ್ಲ ಸುಳ್ಳು ಕಣೋ' ಎಂದೂ ಹೇಳಬೇಡಿ. ಸುಳ್ಳೆಂದು ಅದಕ್ಕೂ ಗೊತ್ತು. ಕಥೆ ಸುಳ್ಳಾದರೂ ಅಳು ನಿಜ.

ಗಂಡು ಮಗು ಅಳಬಾರದೆಂಬ ಮಾತನ್ನು ಮನೆಯಿಂದ ಹೊರಗೆ ಹಾಕಿ. ಅತ್ತು ಹಗುರಾಗುವುದರಲ್ಲಿ ಗಂಡು ಹೆಣ್ಣು ಎಂಬುದಿಲ್ಲ.

ಏನು ಹೇಳಬೇಕೆಂದು ತಿಳಿಯದಿದ್ದರೆ ಪಕ್ಕ ಕುಳಿತುಕೊಳ್ಳಿ, ಸಾಕು. ಸಾಧ್ಯವಾದರೆ ಆ ಕಥೆಯನ್ನು ನೀವೂ ಒಮ್ಮೆ ನೋಡಿ. 'ಅವನು ಹೇಗಿದ್ದ? ನಿನಗೇಕೆ ಇಷ್ಟ?' ಎಂದು ಕೇಳಿ. ಮಾತು ತಾನಾಗಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ.

ಸಾವಿನ ಮನೆಯಲ್ಲಿ ಮಗು ಅಳಲಿಲ್ಲವೆಂದು ಕಲ್ಲು ಮನಸ್ಸು ಎನ್ನಬೇಡಿ. ಕೆಲವರ ಅಳು ತಡವಾಗಿ ಬರುತ್ತದೆ, ಬೇರೆ ಬಾಗಿಲಿನಿಂದ ಬರುತ್ತದೆ.

ನಮ್ಮವರಿಗೂ ಇದನ್ನೆಲ್ಲ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ತಂದೆಯ ಕನ್ನಡಕದ ಡಬ್ಬಿಯನ್ನು ಬೀರುವಿನಿಂದ ತೆಗೆದು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ಕುಳಿತಿದ್ದು, ಮತ್ತೆ ಒಳಗಿಟ್ಟರು. ಅವರೂ ಅಂದು ಅತ್ತಿರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು.

ಆಡ್ರಿಕ್‌ನನ್ನು ಟಿ.ವಿ. ಸರಣಿಯಲ್ಲಿ ಮತ್ತೆ ಬದುಕಿಸಲಿಲ್ಲ. ಆದರೆ ಮರೆಯಲೂ ಇಲ್ಲ. 1984ರ ಮಾರ್ಚ್ 16ರಂದು, ಸರಿಯಾಗಿ ಎರಡು ವರ್ಷಕ್ಕೆ, ಪೀಟರ್ ಡೇವಿಸನ್‌ರ ಡಾಕ್ಟರು ಆ ದೇಹ ಬಿಡುವಾಗ ಬಾಯಿಂದ ಬಂದ ಕೊನೆಯ ಮಾತು ಆಡ್ರಿಕ್‌ನ ಹೆಸರು. 2023ರಲ್ಲಿ ಸರಣಿಗೆ ಅರವತ್ತು ತುಂಬಿದಾಗ ಇದೇ ಕಥೆಯನ್ನು ಮತ್ತೆ ತೋರಿಸಿದರು. ವಯಸ್ಸಾದ ಡೇವಿಸನ್ ಮತ್ತು ಟೀಗನ್ ಪಾತ್ರದ ಜಾನೆಟ್ ಫೀಲ್ಡಿಂಗ್ ಅದಕ್ಕಾಗಿ ಮತ್ತೆ ಡಾಕ್ಟರು, ಟೀಗನ್ ಆಗಿ ಕುಳಿತು ಆ ಹುಡುಗನನ್ನು ನೆನೆದರು. ಅಂದು ವಸ್ತುಪ್ರದರ್ಶನಕ್ಕೆ ಹೋಗೋಣವೆಂದು ಮುಗಿಸಿದ ದುಃಖಕ್ಕೆ ನಲವತ್ತೊಂದು ವರ್ಷದ ಮೇಲೆ ಜಾಗ ಸಿಕ್ಕಿತು.

ನಮ್ಮ ಮನೆಯ ಲೆಕ್ಕವೊಂದು ಬಾಕಿಯಿತ್ತಲ್ಲ. ಅಜ್ಜ ಕೊಟ್ಟಿದ್ದು ಹಳೆಯ ಕಾಲದ ಲೆಕ್ಕ, ನಿಮಗೂ ಗೊತ್ತಿರಬಹುದು. ಹಾರುವ ಹಕ್ಕಿಗಳ ಹಿಂಡನ್ನು ನೋಡಿ ಮರದ ಮೇಲಿನ ಹಕ್ಕಿ, "ನೀವು ನೂರು ಮಂದಿಯೇ?" ಎಂದು ಕೇಳಿತಂತೆ. ಹಿಂಡಿನ ಹಿರಿಯ ಹಕ್ಕಿ ಹೇಳಿತಂತೆ: "ಅಲ್ಲ. ನಾವಿರುವಷ್ಟೇ ಮಂದಿ ಇನ್ನೂ ಬರಬೇಕು, ನಮ್ಮಲ್ಲಿ ಅರ್ಧದಷ್ಟು ಬರಬೇಕು, ನಮ್ಮಲ್ಲಿ ಕಾಲು ಭಾಗದಷ್ಟು ಬರಬೇಕು, ಜೊತೆಗೆ ನೀನೂ ಬಂದರೆ ಆಗ ನೂರು." ಹಾಗಾದರೆ ಹಿಂಡಿನಲ್ಲಿ ಎಷ್ಟು ಹಕ್ಕಿ?

ಮಗ ನೋಟ್‌ಬುಕ್ಕಿನ ಹಿಂದಿನ ಹಾಳೆ ತೆಗೆದು ತೋರಿಸಿದ. ಪೆನ್ಸಿಲಿನಲ್ಲಿ 36 ಎಂದು ಬರೆದು ಸುತ್ತು ಹಾಕಿದ್ದ. ಏಳು ತಿಂಗಳು ಹಾಗೇ ಇತ್ತು. ಇಬ್ಬರೂ ಅಜ್ಜ ಕೂರುತ್ತಿದ್ದ ಜಗಲಿಯ ಮೇಲೆ ಕುಳಿತೆವು. ನಾನು ಬೆರಳು ಮಡಿಸುತ್ತ ಕೂಡಿಸಿದೆ. 36ಕ್ಕೆ 36 ಸೇರಿ 72. ಅರ್ಧ 18, ಒಟ್ಟು 90. ಕಾಲು 9, ಒಟ್ಟು 99.

"ಮರದ ಮೇಲಿನ ಹಕ್ಕಿ ಒಂದು," ಅಂದ ಮಗ.

"ನೂರು. ಸರಿಯಾಗಿದೆ ಮಗಾ," ಅಂದೆ.